ಎರಡು ಜೇಬಿನ ಭಾಷಣ

ಯಾರ ಮನಸ್ಸನ್ನೂ ನೋಯಿಸದ ಗವರ್ನರ್ ಎಂದು ಅವರಿಗೆ ಹೆಸರು. ಮತ್ತೆ ಚುನಾವಣೆ ಗೆಲ್ಲಲು ಬಿಳಿಯರ ಓಟೂ ಬೇಕು, ಕರಿಯರ ಓಟೂ ಬೇಕು. ಅದಕ್ಕೇ ಕೋಟಿನ ಎರಡು ಜೇಬಿನಲ್ಲಿ ಎರಡು ಭಾಷಣ.

ಮಧ್ಯಾಹ್ನ ಬಿಳಿಯರ ಕ್ಲಬ್ಬಿನ ಔತಣದಲ್ಲಿ, "ನಾನಿರೋ ತನಕ ನಿಮ್ಮ ಶಾಲೆಗೆ ಕರಿಯರ ಮಕ್ಕಳು ಕಾಲಿಡಲ್ಲ" ಎಂದರು. ಸಂಜೆ ಕರಿಯರ ಚರ್ಚಿನಲ್ಲಿ, "ಬರೋ ವರ್ಷ ನಿಮ್ಮ ಮಕ್ಕಳು ಅದೇ ಶಾಲೇಲಿ ಓದ್ತಾರೆ" ಎಂದು ಕಣ್ಣೊರೆಸಿಕೊಂಡರು.

ಚಪ್ಪಾಳೆಯೇ ಬೀಳಲಿಲ್ಲ. ಮುಂದಿನ ಸಾಲಿನ ಅಜ್ಜಿಯೊಬ್ಬಳು ಮಾತ್ರ ಮುಸಿಮುಸಿ ನಗುತ್ತಿದ್ದಳು.

"ಯಾಕಜ್ಜಿ, ನಂಬಿಕೆ ಬರಲಿಲ್ವಾ?"

"ನನ್ನ ಗುರುತು ಸಿಕ್ತಾ ಸ್ವಾಮಿ?"

ಗವರ್ನರ್ ಅವಳ ಮುಖವನ್ನೇ ದಿಟ್ಟಿಸಿದರು. "ಇಲ್ಲಮ್ಮಾ, ಈಗಲೇ ಮೊದಲು ನೋಡ್ತಿರೋದು."

"ಹೌದು ಬಿಡಿ, ತಟ್ಟೆಯಿಂದ ತಲೆ ಎತ್ತಿದ್ರೆ ತಾನೇ? ಮಧ್ಯಾಹ್ನ ಕ್ಲಬ್ಬಲ್ಲಿ ನಿಮಗೆ ಎರಡು ಸಲ ಕೋಳಿ ಬಡಿಸಿದ್ದು ನಾನೇ."