ನೇರಳೆ ಮುಚ್ಚಳ

“ನೀವಿಬ್ಬರೂ ಸಂಬಂಧದಲ್ಲೇ ಮದುವೆ ಆದವರಾ?”

ಟಾನ್ಸಿಲ್ ಆಪರೇಷನ್ನಿಗೆ ಮುಂಚೆ ಗುಂಡ್ಲುಪೇಟೆಯಲ್ಲಿ ಮಾಡಿಸಿದ್ದ ಮಗುವಿನ ರಕ್ತದ ರಿಪೋರ್ಟಿನಿಂದ ತಲೆಯೆತ್ತಿ ಚಾಮರಾಜನಗರದ ಡಾಕ್ಟರು ಕೇಳಿದಾಗ ಮಹದೇವಯ್ಯನಿಗೆ ಹೆಮ್ಮೆಯೇ ಆಯಿತು. “ಊಂ ಸಾರ್, ನಮ್ಮಕ್ಕನ ಮಗಳೇ ಇವ್ಳು. ಒರಗ್ನೋರ ಮನೆ ಹೆಣ್ಣು ತಂದಿಲ್ಲ” ಎಂದ. ಪಕ್ಕದಲ್ಲಿ ಅವನ ಹೆಂಡತಿ ಚಂದ್ರಮತಿ, ಮಗಳು ಚೈತ್ರಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು.

ಡಾಕ್ಟರು ಸುತ್ತಿಬಳಸಲಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳಲ್ಲಿ ಐದನೆಯದು, ಎಂಟನೆಯದು ಎರಡೂ ಕಡಿಮೆ ಇವೆ. ಇದು ಹುಟ್ಟಿನಿಂದ ಬರುವ ತೊಂದರೆ, ಹತ್ತಿರದ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹೆಚ್ಚು. ಟಾನ್ಸಿಲ್ ಆಪರೇಷನ್ ಸದ್ಯಕ್ಕೆ ಬೇಡ, ಕೊಯ್ದರೆ ರಕ್ತ ನಿಲ್ಲುವುದು ಕಷ್ಟ. ಖಚಿತವಾಗಲಿ, ಇಲ್ಲೇ ಇನ್ನೊಮ್ಮೆ ರಕ್ತ ಕೊಟ್ಟು ಹೋಗಿ ಎಂದರು.

ಗುಂಡ್ಲುಪೇಟೆಗೆ ವಾಪಸ್ಸು ಬರುವಾಗ ಬಸ್ಸಿನಲ್ಲಿ ಚೈತ್ರ ನಿದ್ದೆಹೋದಳು. ಆಗ ಚಂದ್ರಮತಿ ಬಾಯಿಬಿಟ್ಟಳು.

“ನಾ ಬ್ಯಾಡ ಅಂದಿದ್ದೆ ಮಾವ. ಚಿಕ್ಕೋಳಿದ್ದಾಗ ನನ್ನ ಎತ್ಕಂಡು ಆಡ್ಸಿದೋನು ನೀನು. ನಿನ್ನ ಗಂಡ ಅಂತ ನೋಡಕ್ಕೆ ನನ್ಗಾಗ್ನಿಲ್ಲ. ಅವ್ವ ಅನ್ನ ಬುಟ್ಟು ಕುಂತ್ಕತು, ಅದ್ಕೆ ಊಂ ಅಂದ್ಬುಟ್ಟೆ. ಈಗ ಕೂಸ್ಗೆ ಬಂತು ನೋಡು.”

“ಇಷ್ಟ್ ವರ್ಸ ಯಾಕ್ ಯೋಳ್ನಿಲ್ಲ?”

“ನೀನು ಒಳ್ಳೆಯೋನು. ಒಳ್ಳೆಯೋನ್ ಮೇಲೆ ಯಾರತ್ರ ದೂರು ಯೋಳಾದು?”

ಮಹದೇವಯ್ಯ ಮಗಳಿಗೆ ಗಾಳಿ ಬಡಿಯದಂತೆ ಕಿಟಕಿಯ ಗಾಜು ಎಳೆದ.

ಮುಂದಿನ ವಾರ ಹೋದಾಗ ಡಾಕ್ಟರ ಮುಖ ಗೆಲುವಾಗಿತ್ತು. ಹೊಸ ರಿಪೋರ್ಟಿನಲ್ಲಿ ಎಲ್ಲವೂ ಸರಿಯಿತ್ತು. ಅನುಮಾನ ಬಂದು, ಮೊದಲು ರಕ್ತ ತೆಗೆದ ಗುಂಡ್ಲುಪೇಟೆಯ ಲ್ಯಾಬಿಗೆ ಅವರೇ ಫೋನು ಮಾಡಿದ್ದರು.

“ಈ ಪರೀಕ್ಷೆಗೆ ನೀಲಿ ಮುಚ್ಚಳದ ಟ್ಯೂಬಲ್ಲಿ ಗೆರೆಯವರೆಗೂ ರಕ್ತ ತುಂಬಬೇಕು. ಅವತ್ತು ಸಾಲಲಿಲ್ಲವಂತೆ. ಮಗು ಅಳ್ತಿದೆ, ಇನ್ನೊಂದು ಸಲ ಚುಚ್ಚಬೇಡಿ ಅಂತ ನೀವೇ ಕೈಮುಗಿದ್ರಂತೆ. ಪಾಪ, ಆ ಲ್ಯಾಬಿನ ಹುಡುಗ ನೇರಳೆ ಮುಚ್ಚಳದ ಟ್ಯೂಬಿಂದ ಸ್ವಲ್ಪ ಸುರಿದು ತುಂಬಿಸಿದ್ದಾನೆ. ಅದರಲ್ಲಿರೋ ಔಷಧಿ ಬೇರೆ. ರಕ್ತಕಣ ಎಣಿಸೋದಕ್ಕೆ ಸರಿ, ಇದಕ್ಕಲ್ಲ. ಅದು ಬೆರೆತರೆ ಈ ಅಂಶಗಳು ಇದ್ದರೂ ಕಡಿಮೆ ಅಂತಲೇ ಬರುತ್ತೆ. ಮಗುಗೆ ಏನೂ ಇಲ್ಲ, ಆ ರಿಪೋರ್ಟ್ ಮರೆತುಬಿಡಿ.”

ಮಹದೇವಯ್ಯನ ಕಣ್ಣು ತುಂಬಿತು. ಹೊರಗೆ ಬಂದವನೇ ಮಗಳನ್ನು ಎತ್ತಿಕೊಂಡು ಬಸ್‌ಸ್ಟ್ಯಾಂಡಿನವರೆಗೂ ನಡೆದ, ಕಬ್ಬಿನ ಹಾಲು ಕೊಡಿಸಿದ. ಅವಳು ಕುಡಿದು ಮುಗಿಸಿದ ಮೇಲೆ ಹೆಂಡತಿಯ ಕಡೆ ತಿರುಗಿದ.

“ಚಂದ್ರೀ, ರಕ್ತದ್ದು ಸುಳ್ಳಂತಲ್ಲ.”

“ಊಂ ಮಾವ. ನನ್ ಜೀವ ಬಂದಂಗಾಯ್ತು.”

“ಅವತ್ತು ಬಸ್ಸಲ್ಲಿ ನೀ ಯೋಳಿದ್ದು?”

ಚಂದ್ರಮತಿ ಸೆರಗಿನಿಂದ ಮಗಳ ಬಾಯಿ ಒರೆಸಿದಳು.

“ಅದು ದಿಟ ಮಾವ” ಎಂದಳು. “ಬಾ, ಬಸ್ಸು ಬಂತು.”