ಮುಟ್ಟೋ ಹಾಗಿಲ್ಲ, ಮೂಸೋ ಹಾಗಿಲ್ಲ

“ಮುಟ್ಟೋ ಹಾಗಿಲ್ಲ, ಮೂಸೋ ಹಾಗಿಲ್ಲ. ಅಲ್ಲೇ ನಿಂತು, ನೋಡಿ ಹೇಳ್ಬೇಕು,” ಎಂದು ಹೆಂಡತಿ ಮೇಜಿಗೆ ಅಡ್ಡ ನಿಂತಳು.

ಹಾಳೆಗಳತ್ತ ಬಾಗಿದ್ದ ಪ್ರೆಸ್ಸಿನ ಯಜಮಾನರು ಮೂಗನ್ನು ವಾಪಸು ಎಳೆದುಕೊಂಡರು. ಅಚ್ಚಾದ ಯಾವ ಹಾಳೆ ಕೈಗೆ ಬಂದರೂ ಮೊದಲು ಮೂಸುವುದು, ಆಮೇಲೆ ಹೆಬ್ಬೆರಳಲ್ಲಿ ಉಜ್ಜುವುದು, ಕಣ್ಣಿಗೆ ಕೊನೆಯ ಸರದಿ. ಮನೆಗೆ ಬಂದ ಪೇಪರನ್ನೂ ಅವರು ಓದುತ್ತಿದ್ದದ್ದು ಹೀಗೆಯೇ.

“ಮೂಸದೆ ಹೇಗೇ ಗೊತ್ತಾಗುತ್ತೆ?”

“ಗಿರಾಕಿ ಯಾರಾದ್ರೂ ಮೂಸಿ ನೋಡ್ತಾರೇನ್ರೀ?”

ಡಿಜಿಟಲ್ ಮಷಿನ್ ಮಾರುವ ಶೋರೂಮಿಗೆ ಅವರನ್ನು ಎಳೆದು ತಂದವಳು ಹೆಂಡತಿಯೇ. ಪ್ರೆಸ್ಸಿನಲ್ಲಿ ಮುಂದಿನ ಕೌಂಟರು ಅವಳದು, ಹಿಂದಿನ ಹಳೇ ಆಫ್‌ಸೆಟ್ ಯಂತ್ರ ಇವರದು. ಐವತ್ತು ಕಾರ್ಡು, ನೂರು ಕರಪತ್ರ ಎಂದು ಬಂದವರನ್ನು “ಅಷ್ಟಕ್ಕೆಲ್ಲ ಅಚ್ಚಿನ ಪ್ಲೇಟು ಹಾಕೋಕಾಗಲ್ಲ” ಎಂದು ಕಳಿಸಿ ಕಳಿಸಿ ಅವಳ ಬಾಯಿ ನೊಂದಿತ್ತು. ಈಚೆಗೆ ಸಾವಿರಗಟ್ಟಲೆ ಹೊಡೆಸುತ್ತಿದ್ದ ಹಳಬರೂ ಪಕ್ಕದ ಬೀದಿಗೆ ಹೋಗತೊಡಗಿದ್ದರು. ಹೀಗೇ ಬಿಟ್ಟರೆ ಬಾಗಿಲು ಹಾಕುವುದೊಂದೇ ಬಾಕಿ. ಜನರಿಗೆ ರುಚಿ ಕೆಟ್ಟಿದೆ ಎಂಬುದು ಯಜಮಾನರ ತೀರ್ಮಾನ. ಇಂಕಿನ ಕೆಲಸದಲ್ಲಿರುವ ಜೀವ ಆ ಬಣ್ಣದ ಪುಡಿ ಉದುರಿಸುವ ಡಿಜಿಟಲ್ ಪೆಟ್ಟಿಗೆಗೆ ಎಲ್ಲಿಂದ ಬರಬೇಕು? ಮೂರು ಹಾಳೆ ಇಡಿ, ನಮ್ಮದು ಯಾವುದು ಅಂತ ನಿದ್ದೆಗಣ್ಣಲ್ಲೂ ಹೇಳುತ್ತೇನೆ ಎಂದು ಬೆಳಿಗ್ಗೆ ಹಲ್ಲುಜ್ಜುತ್ತಲೇ ಪಂಥ ಕಟ್ಟಿದ್ದರು. ಸರಿಯಾಗಿ ಹೇಳಿದರೆ ಹೊಸ ಮಷಿನ್ನಿನ ಮಾತು ಅಲ್ಲಿಗೇ ನಿಲ್ಲಬೇಕು. ತಪ್ಪಿದರೆ ಇವತ್ತೇ ಆರ್ಡರು.

ಮಾರಾಟದ ಹುಡುಗಿ ಒಂದೇ ಚಿತ್ರವನ್ನು ಶೋರೂಮಿನ ಎರಡು ಮಷಿನ್ನುಗಳಲ್ಲಿ ಹೊಡೆದು ತಂದಿದ್ದಳು. ಒಂದು ಮಷಿನ್ನು ರೈಲುಡಬ್ಬಿಯಷ್ಟು ಉದ್ದ, ಇನ್ನೊಂದು ಬಟ್ಟೆಯ ಬೀರುವಿನಷ್ಟು. ಅದೇ ಚಿತ್ರವನ್ನು ಯಜಮಾನರೇ ಆಫ್‌ಸೆಟ್ಟಿನಲ್ಲಿ ಹೊಡೆದಿದ್ದ ಹಾಳೆಯೊಂದನ್ನು ಹೆಂಡತಿ ಮನೆಯಿಂದ ತಂದು ಜೊತೆಗೆ ಸೇರಿಸಿದ್ದಳು. ದಂತವೈದ್ಯರೊಬ್ಬರ ಕರಪತ್ರ, ಬಾಯಿತುಂಬ ನಗುವ ಮಗು. ಮೂರೂ ಹಾಳೆಗಳಿಗೆ ನಂಬರಿನ ಚೀಟಿ ಅಂಟಿಸಿ, ಯಾವುದು ಎಲ್ಲಿಯದು ಎಂದು ಹಿಂದೆ ಬರೆದಿಟ್ಟಿದ್ದರು.

“ಸರ್, ಭೂತಗನ್ನಡಿ ಬೇಕಾದ್ರೆ ಕೊಡ್ತೀನಿ,” ಎಂದಳು ಹುಡುಗಿ.

“ಅದೆಲ್ಲ ಕಲಿಯೋರಿಗಮ್ಮ,” ಎಂದು ಯಜಮಾನರು ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರ ಗತ್ತಿನಲ್ಲಿ ಮೇಜಿನ ಉದ್ದಕ್ಕೂ ನಡೆದರು. ಎರಡನೆಯ ಹಾಳೆಯ ಮುಂದೆ ನಿಂತು ನಕ್ಕೇಬಿಟ್ಟರು. “ಇದು ನಿಮ್ಮ ಪೆಟ್ಟಿಗೇದು. ಹಲ್ಲು ನೋಡು ತಾಯಿ, ಸುತ್ತ ಕೆಂಪು. ಮಗು ಈಗ ತಾನೆ ಯಾರನ್ನೋ ಕಚ್ಚಿ ಬಂದ ಹಾಗಿದೆ. ಇಂಥ ಮಷಿನ್ನನ್ನ ಬಿಟ್ಟಿ ಕೊಟ್ರೂ ನಾನು ಒಳಗೆ ಸೇರಿಸಲ್ಲ.”

ಹುಡುಗಿ ಹೆಂಡತಿಯ ಮುಖ ನೋಡಿದಳು. ಹೆಂಡತಿ ಛಾವಣಿಯ ಫ್ಯಾನು ನೋಡಿದಳು.

“ಒಂದನೇದು ಪರವಾಗಿಲ್ಲ, ಆದ್ರೆ ಸ್ವಲ್ಪ ಬಣ್ಣ ಬಳ್ಕೊಂಡು ಬಂದಿದೆ. ಮೂರನೇದು ನೋಡಿ. ಆ ಕೆನ್ನೆ! ಆ ಗಲ್ಲದ ನೆರಳು! ಇದಕ್ಕೆ ಕೈ ಬೇಕು ಕಣಮ್ಮ, ಕೈ. ಇದು ನಮ್ಮದು.”

ಹುಡುಗಿ ತಲೆ ತಗ್ಗಿಸಿಕೊಂಡು ಮೂರನೆಯ ಹಾಳೆಯನ್ನು ಮಗುಚಿದಳು. ‘ಚಿಕ್ಕ ಮಷಿನ್’ ಎಂದಿತ್ತು. ಎರಡನೆಯದನ್ನು ಮಗುಚುವ ಕೆಲಸ ಅವಳಿಂದಾಗಲಿಲ್ಲ, ಹೆಂಡತಿ ಮಗುಚಿದಳು.

ಯಜಮಾನರು ಇಂಗು ತಿಂದ ಮಂಗನಂತೆ ಅದನ್ನೇ ನೋಡಿದರು. ಆಮೇಲೆ ಒಂದೊಂದಾಗಿ ಕಾರಣಗಳು ಹೊರಡತೊಡಗಿದವು. ಅವತ್ತು ಹಾಳೆ ತೇವ ಹಿಡಿದಿತ್ತು. ಕರೆಂಟು ಹೋಗಿ ಬಂದು ಮಾಡುತ್ತಿತ್ತು. ರೋಲರು ಹಳೆಯದು. ಈ ಶೋರೂಮಿನ ದೀಪವೇ ಸರಿಯಿಲ್ಲ. ಕಾರಣಗಳು ತಾವಾಗಿಯೇ ಮುಗಿದವು.

“ಸರ್, ಹಾಗಾದ್ರೆ ಯಾವ ಮಷಿನ್ ಬರ್ಕೊಳ್ಳಲಿ?” ಎಂದು ಹುಡುಗಿ ಮೆಲ್ಲಗೆ ಕೇಳಿದಳು.

ಪಕ್ಕದ ಬೀದಿಯವರ ಹೊಟ್ಟೆ ಉರಿಸಲು ಉದ್ದದ್ದೇ ಸರಿ ಎಂದು ಮನಸ್ಸಿನ ಒಂದು ಮೂಲೆ ಇನ್ನೂ ಹೇಳುತ್ತಿತ್ತು. ಆದರೆ ಈಗಷ್ಟೇ ಆಡಿದ ಹೊಗಳಿಕೆಯನ್ನು ನುಂಗುವುದು ಹೇಗೆ? “ಆ... ನಮ್ಮದು ಅಂದ್ನಲ್ಲ, ಅದೇ ಇರಲಿ ಬಿಡಮ್ಮ,” ಎಂದರು. ಹುಡುಗಿ ನಗು ತಡೆಯಲಾಗದೆ, ಫಾರಂ ತರುವ ನೆಪದಲ್ಲಿ ಒಳಗೋಡಿದಳು.

ಯಜಮಾನರು ತಮ್ಮ ಹಾಳೆಯನ್ನು ಕೈಗೆತ್ತಿಕೊಂಡು, ಹುಡುಗಿ ಮೇಜಿನಲ್ಲಿ ಬಿಟ್ಟುಹೋಗಿದ್ದ ಕಲಿಯುವವರ ಭೂತಗನ್ನಡಿಯನ್ನು ಅದರ ಮೇಲಿಟ್ಟು ಬಗ್ಗಿದರು. ಕೆಂಪು ಬಣ್ಣ ಒಂದು ಕೂದಲೆಳೆ ಪಕ್ಕಕ್ಕೆ ಸರಿದಿತ್ತು. ಹಲ್ಲಿನ ಡಾಕ್ಟರ ಕರಪತ್ರದಲ್ಲಿ ಮಗುವಿನ ವಸಡಿನಿಂದ ರಕ್ತ!

“ಊರಿಗೆಲ್ಲ ಹಂಚಿದ್ರಲ್ಲೇ ಇದನ್ನ,” ಎಂದರು ತಲೆ ಎತ್ತದೆ. “ಆ ಡಾಕ್ಟ್ರು ಒಂದು ಮಾತೂ ಹೇಳ್ಲಿಲ್ಲ. ಎಂಥ ಒಳ್ಳೇ ಮನುಷ್ಯ!”

“ಯಾರೂ ಹೇಳಲ್ಲ ಕಣ್ರೀ,” ಎಂದಳು ಹೆಂಡತಿ. “ಮುಂದಿನ ಸಲ ಬರಲ್ಲ, ಅಷ್ಟೆ.”