ಕುರ್ಚಿ ಬಿಚ್ಚಿದ ದಿನ

ಭೂಮಿಯನ್ನು ಸುತ್ತುವ ಹವಾಮಾನ ಕಚೇರಿಯಲ್ಲಿ ಗುಲಾಬಿ ಖಾರ್ವಿ, ತನ್ನನ್ನು ಪಟ್ಟಿಯಿಂದ ಕುರ್ಚಿಗೆ ಬಿಗಿದುಕೊಂಡು, ಊರಿನಲ್ಲಿದ್ದ ರೂಢಿಯಂತೆ ಕಂಪ್ಯೂಟರ್ ಮುಂದೆ ನೆಟ್ಟಗೆ ಕೂರುತ್ತಿದ್ದಳು. ಮೈಗೆ ತೂಕವೇ ಇಲ್ಲದ ಜಾಗದಲ್ಲಿ ಹಾಗೆ ಕೂತು ಕೂತು ಸೊಂಟ ಹಿಡಿದುಕೊಂಡಿತು. ನೋವು ನಿಲ್ಲದಿದ್ದರೆ ಮುಂದಿನ ನೌಕೆಯಲ್ಲಿ ಭೂಮಿಗೆ ವಾಪಸು ಹೋಗಬೇಕೆಂದರು ವೈದ್ಯರು. ಕರಾವಳಿಯ ದೋಣಿಗಳಿಗೆ ಬಿರುಗಾಳಿಯ ಸುದ್ದಿ ಮುಟ್ಟಿಸುವ ಕೆಲಸ ಬಿಡಲು ಅವಳಿಗೆ ಮನಸ್ಸಿರಲಿಲ್ಲ.

“ಅಕ್ಕ, ಇಲ್ಲಿ ಕೂರುವುದೇ ತಪ್ಪು,” ಎಂದು ತಂತ್ರಜ್ಞ ಇಬ್ರಾಹಿಂ ಕುರ್ಚಿಯನ್ನೇ ಬಿಚ್ಚಿದ. ಪಾದ ಸಿಕ್ಕಿಸಲು ಕುಣಿಕೆ ಕಟ್ಟಿ, ಪರದೆಯನ್ನು ತುಸು ಕೆಳಗಿಳಿಸಿದ. “ಈಗ ಮೈ ಸಡಿಲ ಬಿಡಿ.”

ಮಂಡಿಗಳು ತಾವಾಗಿ ಮಡಿಚಿಕೊಂಡವು, ಬೆನ್ನು ಹಗುರಾಗಿ ಬಾಗಿತು, ಕೈಗಳು ಕೀಲಿಮಣೆಯತ್ತ ತೇಲಿದವು.

ಸಂಜೆ ವೈದ್ಯರು ಬಂದರು.

“ನೋವಿಲ್ಲ ಡಾಕ್ಟ್ರೇ, ಆಮೇಲೆ ಬನ್ನಿ,” ಎಂದಳು ಗುಲಾಬಿ, ಪರದೆಯಿಂದ ಕಣ್ಣು ಕೀಳದೆ. “ಮಲ್ಪೆಯಿಂದ ಹೊರಟ ಹನ್ನೊಂದು ದೋಣಿಗಳನ್ನು ಈಗಲೇ ದಡಕ್ಕೆ ಕರೆಸಬೇಕು.”